ಮನೆಯಲ್ಲಿ ಕಾಫಿ ಬೀಸುವ ಯಂತ್ರ: ಆಯ್ಕೆ ಮತ್ತು ಬಳಕೆ

ಕಾಫಿ ಬೆಳೆಯುವವರ ಮನೆಯಲ್ಲೇ ಒಳ್ಳೆಯ ಕಾಫಿ ಸಿಗುವುದಿಲ್ಲ ಎಂಬ ಮಾತು ನಮ್ಮ ಕಡೆ ಹೊಸದಲ್ಲ. ತೋಟದ ಒಳ್ಳೆಯ ಬೀಜವೆಲ್ಲ ಚೀಲಕ್ಕೆ ಸೇರಿ ಕ್ಯೂರಿಂಗ್ ವರ್ಕ್ಸಿಗೋ ವ್ಯಾಪಾರಿಯ ಗೋದಾಮಿಗೋ ಹೋಗುತ್ತದೆ. ಮನೆಗೆ ಉಳಿಯುವುದು ನೆಲಕ್ಕೆ ಉದುರಿದ್ದು, ಕಪ್ಪಾದದ್ದು, ಒಡಕು. ಅದನ್ನೂ ಪೂರಾ ಬಳಸದೆ ಪೇಟೆಯಿಂದ ಚಿಕೋರಿ ಬೆರೆಸಿದ ಪುಡಿ ತಂದು ಕುಡಿಯುವ ಬೆಳೆಗಾರರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂದು ಕಾನೂನು ಹೇಳುತ್ತದೆ. ಎಂದರೆ ನೂರಕ್ಕೆ 49ರವರೆಗೆ ಚಿಕೋರಿಯೇ ಇರಬಹುದು. ನಾವು ಬೆಳೆದ ಕಾಫಿಯ ರುಚಿ ನಮಗೇ ಗೊತ್ತಿಲ್ಲದಿರುವುದು ದೀಪದ ಬುಡದಲ್ಲಿ ಕತ್ತಲೆ ಎಂಬಂತಾಗಿದೆ.

ಇದು ಬರೀ ನಾಲಗೆಯ ಪ್ರಶ್ನೆಯಲ್ಲ. 1996ಕ್ಕೆ ಮುಂಚೆ ಪೂಲ್ ಪದ್ಧತಿ ಇದ್ದಾಗ ಮನೆಬಳಕೆಗೆ ಒಂದಿಷ್ಟು ಇಟ್ಟುಕೊಂಡು ಮಿಕ್ಕ ಬೆಳೆಯನ್ನು ಮಂಡಳಿಗೆ ಒಪ್ಪಿಸಬೇಕಾಗಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿದ್ದಾಗ ನಮ್ಮ ಕಣದ ಕಾಫಿಯ ರುಚಿ ಹೇಗಿದೆ ಎಂದು ಕೇಳುವವರೂ ಇರಲಿಲ್ಲ, ತಿಳಿದುಕೊಳ್ಳುವ ಅವಶ್ಯಕತೆಯೂ ಇರಲಿಲ್ಲ. ಈಗ ಹಾಗಲ್ಲ. ಮಾರುವ ಸ್ವಾತಂತ್ರ್ಯ ನಮ್ಮದೇ ಆದ ಮೇಲೆ, ಇಂಥ ಕಾಫಿ ಇದು ಎಂದು ಹೇಳಿ ಬೆಲೆ ಕೇಳುವ ಹೊಣೆಯೂ ನಮ್ಮದೇ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆತಿದೆ. ಹೆಸರು ಸಿಕ್ಕಿತು, ಹೆಸರಿಗೆ ತಕ್ಕ ರುಚಿ ನಮ್ಮ ಚೀಲದಲ್ಲಿದೆಯೇ ಎಂಬುದನ್ನು ನಾವೇ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಸಲಕರಣೆ ಹೆಚ್ಚಿನದೇನಲ್ಲ: ಒಂದು ಬಾಣಲೆ, ಒಂದು ತಕ್ಕಡಿ ಮತ್ತು ಒಂದು ಒಳ್ಳೆಯ ಬೀಸುವ ಯಂತ್ರ. ಬಾಣಲೆ ಎಲ್ಲರ ಮನೆಯಲ್ಲೂ ಇದೆ. ಬೀಸುವ ಯಂತ್ರದ ವಿಷಯದಲ್ಲಿ ಮಾತ್ರ ಸದಸ್ಯರಿಗೆ ಅನೇಕ ಸಂದೇಹಗಳಿರುವುದರಿಂದ ಈ ಲೇಖನ.

ಬೀಸುವುದಕ್ಕೂ ಕೊಚ್ಚುವುದಕ್ಕೂ ಇರುವ ಭೇದ

ಹಿಂದಿನ ಕಾಲದ ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಗೊತ್ತಾದ ಸಂದು. ಆ ಸಂದಿನಷ್ಟು ಸಣ್ಣದಾಗುವವರೆಗೆ ಕಾಳು ಹೊರಗೆ ಬರುವಂತಿಲ್ಲ. ಸಣ್ಣದಾದ ಮೇಲೆ ಒಳಗೆ ನಿಲ್ಲುವಂತಿಲ್ಲ. ಆದ್ದರಿಂದಲೇ ಹಿಟ್ಟು ಬಹುಮಟ್ಟಿಗೆ ಒಂದೇ ಹದಕ್ಕೆ ಬೀಳುತ್ತಿತ್ತು. ಕಲ್ಲು ಸವೆದಾಗ ಉಳಿಯಿಂದ ಕುಟ್ಟಿಸಿ ಮತ್ತೆ ಹಲ್ಲು ಮೂಡಿಸುತ್ತಿದ್ದರು.

ಪೇಟೆಯಲ್ಲಿ ಬರ್ ಗ್ರೈಂಡರ್ ಎಂದು ಕರೆಯುವುದು ಇದೇ ತತ್ತ್ವದ ಯಂತ್ರವನ್ನು. ಕಲ್ಲಿನ ಬದಲು ಹಲ್ಲು ಕಡೆದ ಉಕ್ಕಿನ ಅಥವಾ ಪಿಂಗಾಣಿಯ ಜೋಡಿ ಇರುತ್ತದೆ. ಒಂದು ಸ್ಥಿರ, ಇನ್ನೊಂದು ತಿರುಗುವಂಥದ್ದು. ಇವುಗಳ ನಡುವಿನ ಸಂದನ್ನು ಒಂದು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು.

ಮಿಕ್ಸಿಯೂ, ಅದರಂತೆಯೇ ಬ್ಲೇಡು ತಿರುಗುವ ಸಣ್ಣ ಕಾಫಿ ಗ್ರೈಂಡರ್‌ಗಳೂ ಬೀಸುವುದಿಲ್ಲ, ಕೊಚ್ಚುತ್ತವೆ. ಬ್ಲೇಡಿಗೆ ಸಿಕ್ಕಿದ ಚೂರು ಮತ್ತೆ ಮತ್ತೆ ಪೆಟ್ಟು ತಿಂದು ಧೂಳಾಗುತ್ತದೆ. ಸಿಗದ ಚೂರು ನುಚ್ಚಾಗಿಯೇ ಉಳಿಯುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಪುಡಿ ಬಿಸಿಯಾಗಿ ಪರಿಮಳ ಜಾಡಿಯಲ್ಲೇ ಹಾರಿಹೋಗುತ್ತದೆ. ಧೂಳಾದ ಭಾಗದಿಂದ ನೀರು ಕ್ಷಣಮಾತ್ರದಲ್ಲಿ ಎಲ್ಲವನ್ನೂ ಎಳೆದು, ಬೇಡದ ಕಹಿಯನ್ನೂ ಒಗರನ್ನೂ ತರುತ್ತದೆ. ನುಚ್ಚಾದ ಭಾಗದ ಒಳಗೆ ನೀರು ಇಳಿಯುವುದೇ ಇಲ್ಲ. ಅದು ಹುಳಿ ಹುಳಿಯಾದ ತೆಳು ರಸವನ್ನಷ್ಟೇ ಬಿಡುತ್ತದೆ. ಒಂದೇ ಲೋಟದಲ್ಲಿ ಕಹಿಯೂ ನೀರು ನೀರೂ ಎರಡೂ ಇದ್ದರೆ ತಪ್ಪು ಬೀಜದ್ದಲ್ಲದೆ ಇರಬಹುದು, ಪುಡಿಯದ್ದಿರಬಹುದು.

ಪೇಟೆಯ ಪುಡಿ ಅಂಗಡಿಯಲ್ಲಿ ಬೀಸಿಸಿಕೊಂಡು ಬರುವುದು ಸುಲಭ ಎನ್ನುವವರಿದ್ದಾರೆ. ಆ ಅಂಗಡಿಯ ದೊಡ್ಡ ಯಂತ್ರದಲ್ಲಿಯೂ ಇರುವುದು ಹಲ್ಲಿನ ಜೋಡಿಯೇ. ಹದ ಚೆನ್ನಾಗಿ ಬರುತ್ತದೆ. ಆದರೆ ನಿಮಗಿಂತ ಮುಂಚೆ ಬಂದವರ ಕಾಫಿ ಯಂತ್ರದ ಒಳಗೆ ಒಂದಿಷ್ಟು ಉಳಿದಿರುತ್ತದೆ. ಕುಡಿಯಲು ಅದರಿಂದ ಬಾಧಕವಿಲ್ಲ. ಸ್ವಂತ ಬೆಳೆಯ ಪರೀಕ್ಷೆಗೆ ಮಾತ್ರ ಅದು ಒದಗುವುದಿಲ್ಲ. ಮೇಲಾಗಿ ಬೀಸಿದ ಪುಡಿ ಬಹಳ ಬೇಗ ಹಳಸುತ್ತದೆ. ಹುರಿದ ಬೀಜ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ವಾರ ತಡೆದೀತು. ಪುಡಿಯ ಪರಿಮಳ ಎರಡು ಮೂರು ದಿನಕ್ಕೇ ಇಳಿಯುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೀಸುವುದು ಮನೆಯಲ್ಲಿ ಯಂತ್ರ ಇಟ್ಟುಕೊಳ್ಳುವುದರ ಮೊದಲ ಲಾಭ.

ಕೊಳ್ಳುವಾಗ ನೋಡಬೇಕಾದದ್ದು

1. ಕೈಯಂತ್ರವೋ, ವಿದ್ಯುತ್ ಯಂತ್ರವೋ? ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದ ಊರುಗಳು ನಮ್ಮವು. ವೋಲ್ಟೇಜ್ ಕಡಿಮೆ ಇರುವಾಗ ಗ್ರೈಂಡರ್ ಓಡಿಸಿದರೆ ಮೋಟಾರು ಬೀಜ ಕಚ್ಚಿಕೊಂಡು ನಿಂತು ಸುಡುವ ಸಂಭವವಿದೆ. ಮೂರು ನಾಲ್ಕು ಜನರ ಮನೆಗೆ, ಪರೀಕ್ಷೆಯ ಕೆಲಸಕ್ಕೆ, ಕೈಯಂತ್ರ ಧಾರಾಳವಾಗಿ ಸಾಕು. ಚಿಕ್ಕ ಕೈಯಂತ್ರಕ್ಕೆ ಒಂದು ಸಲಕ್ಕೆ 20ರಿಂದ 30 ಗ್ರಾಂ ಬೀಜ ಹಿಡಿಯುತ್ತದೆ. ಕೂಡು ಕುಟುಂಬ, ಆಳುಕಾಳುಗಳಿಗೂ ಕಾಫಿ ಎಂದಾದರೆ ನಾಲ್ಕಾರು ಸಲ ತಿರುಗಿಸಬೇಕಾಗುತ್ತದೆ. ಅಂಥ ಮನೆಗೆ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ ದೊಡ್ಡ ಬಾಯಿಯ ಎರಕದ ಯಂತ್ರ ಅಥವಾ ವಿದ್ಯುತ್ ಯಂತ್ರ ಮೇಲು. ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಎರಕದ ಯಂತ್ರಗಳು ಇನ್ನೂ ಬಿದ್ದಿರುವುದುಂಟು. ಹಲ್ಲು ಚೂಪಾಗಿದ್ದು ತುಕ್ಕು ಆಳಕ್ಕೆ ಇಳಿಯದಿದ್ದರೆ ಹೊಸದನ್ನು ಕೊಳ್ಳುವ ಮುಂಚೆ ಅದನ್ನೇ ಬಿಚ್ಚಿ, ಉಜ್ಜಿ, ನೋಡಬಹುದು.

2. ಉಕ್ಕೋ, ಪಿಂಗಾಣಿಯೋ? ಕಡಿಮೆ ಬೆಲೆಯ ಕೈಯಂತ್ರಗಳಲ್ಲಿ ಸಾಮಾನ್ಯವಾಗಿ ಪಿಂಗಾಣಿಯ ಹಲ್ಲು ಇರುತ್ತದೆ. ತುಕ್ಕು ಹಿಡಿಯುವುದಿಲ್ಲ ಎಂಬುದು ಮಲೆನಾಡಿನ ಮಳೆಗಾಲಕ್ಕೆ ದೊಡ್ಡ ಅನುಕೂಲ. ಆದರೆ ಕಣದಿಂದ ಬಂದ ಒಂದು ಸಣ್ಣ ಕಲ್ಲು ಸಾಕು, ಹಲ್ಲು ಚಕ್ಕೆ ಏಳಲು. ಉಕ್ಕಿನ ಹಲ್ಲು ಚೂಪು, ಬೇಗ ಬೀಸುತ್ತದೆ, ಧೂಳು ಕಡಿಮೆ, ಬೆಲೆ ಹೆಚ್ಚು. ದಿನವೂ ಎರಡು ಹೊತ್ತು ಬೀಸುವವರಿಗೆ ಉಕ್ಕಿಗೆ ಕೊಟ್ಟ ಹಣ ವ್ಯರ್ಥವಲ್ಲ.

3. ನಡುಗಂಬಿ ಅಲುಗಾಡುತ್ತದೆಯೇ? ಇದು ಎಲ್ಲಕ್ಕಿಂತ ಮುಖ್ಯ. ಅನೇಕರು ಹೊರಗಿನ ಹೊಳಪನ್ನು ನೋಡಿ ಕೊಳ್ಳುತ್ತಾರೆ. ಯಂತ್ರವನ್ನು ತಲೆಕೆಳಗು ಮಾಡಿ, ತಿರುಗುವ ಹಲ್ಲನ್ನು ಎರಡು ಬೆರಳಿನಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಲಟಲಟ ಎಂದರೆ ಬೇಡ. ತಿರುಗುವಾಗ ಒಂದು ಕಡೆ ಸಂದು ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ ಹದ ಎಂದಿಗೂ ಒಂದೇ ಸಮ ಬರುವುದಿಲ್ಲ. ಕಂಬಿಗೆ ಮೇಲೂ ಕೆಳಗೂ ಬೇರಿಂಗ್ ಇರುವ ಯಂತ್ರ ಭದ್ರ.

4. ಹದದ ತಿರುಪು ಹೇಗಿದೆ? ಟಿಕ್ ಟಿಕ್ ಎಂದು ಎಣಿಸಬಹುದಾದ ಗುರುತುಗಳಿದ್ದರೆ ಒಳ್ಳೆಯದು. ಇಂದು ಎಷ್ಟನೆಯ ಗುರುತಿನಲ್ಲಿ ಬೀಸಿದಿರೋ ಮುಂದಿನ ವರ್ಷವೂ ಅಷ್ಟರಲ್ಲೇ ಬೀಸಬಹುದು. ಬೀಸುತ್ತಿರುವಾಗ ತಿರುಪು ತಾನಾಗಿ ಸಡಿಲುವ ಯಂತ್ರ ನಿರುಪಯೋಗಿ.

5. ಹಲ್ಲಿನ ಆಕಾರ ಮತ್ತು ಗಾತ್ರ. ಎರಡು ಚಪ್ಪಟೆ ಬಿಲ್ಲೆಗಳು ಎದುರುಬದುರಾಗಿರುವುದು ಒಂದು ಬಗೆ. ಬಳೆಯ ಒಳಗೆ ಶಂಕುವಿನ ಆಕಾರದ ಹಲ್ಲು ತಿರುಗುವುದು ಇನ್ನೊಂದು. ಕೈಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಶಂಕುವಿನ ಬಗೆ. 38ರಿಂದ 48 ಮಿಲಿಮೀಟರ್ ಅಗಲದ್ದು ಸಾಮಾನ್ಯ. ಅಗಲ ಹೆಚ್ಚಾದಷ್ಟೂ ಬೇಗ ಬೀಸುತ್ತದೆ, ತಿರುಗಿಸಲು ಬಲವೂ ಹೆಚ್ಚು ಬೇಕು. ಮನೆಬಳಕೆಗೆ ಎರಡು ಬಗೆಯೂ ಆಗುತ್ತದೆ. ಈ ವಿಷಯಕ್ಕೆ ಅಂಗಡಿಯವರ ಮಾತಿಗೆ ಮರುಳಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

6. ಬಿಡಿಭಾಗ ಸಿಗುತ್ತದೆಯೇ? ಹಲ್ಲಿನ ಜೋಡಿ, ಹಿಡಿ, ತಿರುಪುಗಳು ಬೇರೆಯಾಗಿ ಸಿಗುವಂಥ ಯಂತ್ರವನ್ನೇ ಆರಿಸಿ. ಬಿಚ್ಚಿ ಜೋಡಿಸಲು ಬಾರದ ಯಂತ್ರವನ್ನು ಸ್ವಚ್ಛ ಮಾಡಲೂ ಆಗುವುದಿಲ್ಲ.

ಸಾಧ್ಯವಾದರೆ ಅಂಗಡಿಯಲ್ಲೇ ಒಂದು ಹಿಡಿ ಹುರಿದ ಬೀಜ ಬೀಸಿ, ಬಿಳಿಯ ಕಾಗದದ ಮೇಲೆ ತೆಳ್ಳಗೆ ಹರಡಿ ನೋಡಿ. ಚೂರುಗಳು ಬಹುಪಾಲು ಒಂದೇ ಗಾತ್ರದಲ್ಲಿದ್ದರೆ ಆಗಬಹುದು. ನುಚ್ಚೂ ಧೂಳೂ ಬೆರೆತಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಹದ ಕೂಡಿಸುವ ಕ್ರಮ

ಹೊಸ ಯಂತ್ರದಲ್ಲಿ ಮೊದಲು ಎರಡು ಮೂರು ಹಿಡಿ ಹಳೆಯ ಹುರಿದ ಬೀಜ ಬೀಸಿ ಚೆಲ್ಲಿ. ಒಳಗಿನ ಎಣ್ಣೆ, ಲೋಹದ ಪುಡಿ ಹೊರಗೆ ಹೋಗುತ್ತದೆ. ಅನಂತರ ಕೈಯಂತ್ರದಲ್ಲಿ ಬೀಜವಿಲ್ಲದೆ ತಿರುಪನ್ನು ಮೆಲ್ಲಗೆ ಬಿಗಿಯುತ್ತಾ ಹೋಗಿ. ಹಲ್ಲಿಗೆ ಹಲ್ಲು ತಾಕಿ ಹಿಡಿ ನಿಲ್ಲುವ ಜಾಗವೇ ಸೊನ್ನೆ. ಅಲ್ಲಿಂದ ಸಡಿಲಿಸುತ್ತಾ ಗುರುತು ಎಣಿಸಬೇಕು. ವಿದ್ಯುತ್ ಯಂತ್ರದಲ್ಲಾದರೆ ತರಿಯಿಂದ ನುಣ್ಣಗಿನ ಕಡೆಗೆ ತಿರುಗಿಸುವಾಗ ಮೋಟಾರು ಓಡುತ್ತಿರಬೇಕು; ಇಲ್ಲವಾದರೆ ನಡುವೆ ಸಿಕ್ಕಿದ ಚೂರುಗಳು ಹಲ್ಲನ್ನು ಕಚ್ಚಿಹಿಡಿಯುತ್ತವೆ.

ಹದವನ್ನು ನಮ್ಮ ಅಡುಗೆಮನೆಯ ಅಳತೆಯಲ್ಲೇ ಹೇಳುವುದಾದರೆ, ನಮ್ಮ ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರಿಗೆ ಚಿರೋಟಿ ರವೆಗಿಂತ ತುಸು ನುಣುಪಾಗಿರಬೇಕು. ಬೆರಳ ನಡುವೆ ಉಜ್ಜಿದರೆ ತರಿ ತಗುಲಬೇಕು, ಅಕ್ಕಿ ಹಿಟ್ಟಿನಂತೆ ಜಾರಬಾರದು. ಬಟ್ಟೆಯಲ್ಲಿ ಸೋಸುವ ಕಾಫಿಗೆ ಚಿರೋಟಿ ರವೆಯಷ್ಟು. ಬೆಳೆಯ ಪರೀಕ್ಷೆಗೆ ಉಪ್ಪಿಟ್ಟಿನ ರವೆಯಷ್ಟು.

ಫಿಲ್ಟರೇ ಹದವನ್ನು ಹೇಳುತ್ತದೆ. ಕುದಿನೀರು ಹೊಯ್ದ ಐದು ನಿಮಿಷದಲ್ಲೇ ಮೇಲಿನ ಪಾತ್ರೆ ಖಾಲಿಯಾಗಿ ಡಿಕಾಕ್ಷನ್ ತೆಳ್ಳಗೆ ಇಳಿದರೆ ಪುಡಿ ತರಿ. ಅರ್ಧ ಗಂಟೆಯಾದರೂ ನೀರು ಮೇಲೇ ನಿಂತಿದ್ದರೆ ಪುಡಿ ತೀರ ನುಣ್ಣಗಾಗಿದೆ, ಇಲ್ಲವೇ ಒತ್ತುಬಿಲ್ಲೆಯನ್ನು ಬಲವಾಗಿ ಅದುಮಲಾಗಿದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಯುವುದು ಸರಿಯಾದ ಹದ. ಒಂದು ಸಲಕ್ಕೆ ಒಂದೇ ಗುರುತು ಬದಲಾಯಿಸಿ ನೋಡಿ. ಪುಡಿಯ ತೂಕ, ನೀರು, ಹದ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಯಂತ್ರಕ್ಕೆ ಹಾಕಬಾರದವು

ಹುರಿಯದ ಹಸಿರು ಬೀಜವನ್ನು ಎಂದಿಗೂ ಹಾಕಬಾರದು. ಅದರ ಗಡಸಿಗೆ ಕಂಬಿ ಬಾಗುತ್ತದೆ, ಹಲ್ಲು ಮುರಿಯುತ್ತದೆ. ಸರಿಯಾಗಿ ಹುರಿಯದೆ ಒಳಗೆ ಗಟ್ಟಿಯಾಗಿ ಉಳಿದ ರೊಬಸ್ಟಾ ಕೂಡ ಅಷ್ಟೇ ಅಪಾಯ. ನಮ್ಮ ಕಾಫಿ ಕಣದಲ್ಲಿ ಒಣಗಿದ್ದಾದ್ದರಿಂದ ಬೀಜವನ್ನು ತಟ್ಟೆಯಲ್ಲಿ ಹರಡಿ ಕಲ್ಲು ಆರಿಸಿಯೇ ಹುರಿಯಬೇಕು. ಕಾಳುಮೆಣಸು, ಧನಿಯ, ಏಲಕ್ಕಿ ಇದರಲ್ಲಿ ಬೀಸಬಾರದು. ಆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಚಿಕೋರಿ ಬೇಕೆನ್ನುವವರು ಪುಡಿಯಾಗಿಯೇ ತಂದು ಆಮೇಲೆ ಬೆರೆಸಿಕೊಳ್ಳಲಿ. ಅದು ತೇವ ಹೀರಿ ಹಲ್ಲಿಗೆ ಅಂಟುತ್ತದೆ.

ತಿಂಗಳಿಗೊಮ್ಮೆ ಬಿಚ್ಚಿ ಒಣ ಬ್ರಶ್ಶಿನಿಂದ ಸ್ವಚ್ಛ ಮಾಡಿ. ಉಕ್ಕಿನ ಹಲ್ಲಿಗೆ ನೀರು ತಾಗಿಸಬೇಡಿ. ಅಕ್ಕಿ ಹಾಕಿ ತಿರುಗಿಸಿದರೆ ಸ್ವಚ್ಛವಾಗುತ್ತದೆ ಎಂಬ ರೂಢಿ ಒಳ್ಳೆಯದಲ್ಲ. ಅಕ್ಕಿ ಕಾಫಿಗಿಂತ ಗಟ್ಟಿ, ಅದರ ಹಿಟ್ಟು ಒಳಗೆ ಮೆತ್ತಿಕೊಳ್ಳುತ್ತದೆ. ಕಪ್ಪಗೆ ಹುರಿದ ಬೀಜದ ಎಣ್ಣೆ ಹಲ್ಲಿನ ಸಂದಿನಲ್ಲಿ ಉಳಿದರೆ ಕನರು ವಾಸನೆ ಹಿಡಿಯುತ್ತದೆ. ಯಂತ್ರವನ್ನು ಒಲೆಯ ಹೊಗೆ ತಾಗುವಲ್ಲಿ, ಅಡಿಕೆ, ಮೆಣಸಿನ ಚೀಲಗಳ ಪಕ್ಕದಲ್ಲಿ ಇಡಬೇಡಿ.

ಹೊಸ ಯಂತ್ರ ಕೊಳ್ಳಲು ಈಗ ಅನುಕೂಲವಿಲ್ಲದವರು ಮಿಕ್ಸಿಯನ್ನೇ ಕ್ರಮವರಿತು ಬಳಸಬಹುದು. ಸ್ವಲ್ಪ ಸ್ವಲ್ಪವೇ ಬೀಜ ಹಾಕಿ, ಮೂರು ನಾಲ್ಕು ಸೆಕೆಂಡು ಓಡಿಸಿ ನಿಲ್ಲಿಸಿ, ಜಾಡಿ ಕುಲುಕಿ, ಮತ್ತೆ ಓಡಿಸಿ. ರವೆ ಜರಡಿಯಲ್ಲಿ ಜರಡಿ ಹಿಡಿದು ಉಳಿದ ನುಚ್ಚನ್ನಷ್ಟೇ ಮತ್ತೆ ಹಾಕಿ. ಬರ್ ಗ್ರೈಂಡರಿನ ಸಮಕ್ಕೆ ಬಾರದಿದ್ದರೂ ಒಂದೇ ಸಮನೆ ಓಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಸ್ವಂತ ಬೆಳೆಯ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಾರ್ಚ್‌ಮೆಂಟನ್ನಾಗಲಿ ಒಣ ಚೆರಿಯನ್ನಾಗಲಿ ಒಂದೊಂದು ಲಾಟಿನಿಂದ ಅರ್ಧ ಕಿಲೋ ತೆಗೆದು, ಒರಳಿನಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ ಬೀಜ ಮಾಡಿಕೊಳ್ಳಿ. ಪ್ರತಿಯೊಂದರಲ್ಲೂ 100 ಗ್ರಾಂ ತೂಗಿ ಬೇರೆ ಬೇರೆಯಾಗಿ ಹುರಿಯಿರಿ. ಮೊದಲ ಸಿಡಿತದ ಸದ್ದು ಮುಗಿದು ಬೀಜ ತಿಳಿ ಕಂದು ಬಣ್ಣಕ್ಕೆ ಬಂದೊಡನೆ ಇಳಿಸಿ, ಮೊರದಲ್ಲಿ ಬೀಸಿ ಆರಿಸಿ. ಕಪ್ಪಗೆ ಹುರಿದರೆ ದೋಷಗಳು ಸುಟ್ಟ ವಾಸನೆಯಲ್ಲಿ ಅಡಗಿಹೋಗುತ್ತವೆ. ಮರುದಿನ ಬೀಸಿ.

ಎಲ್ಲ ಮಾದರಿಗೂ ಒಂದೇ ಗುರುತು ಇರಲಿ. ಪ್ರತಿ ಮಾದರಿಗೆ ಮೊದಲು ಅದರದೇ ನಾಲ್ಕಾರು ಬೀಜ ಬೀಸಿ ಚೆಲ್ಲಿ, ಹಿಂದಿನದರ ಶೇಷ ಹೋಗಲಿ. ಒಂದೇ ಅಳತೆಯ ಲೋಟಗಳಲ್ಲಿ 200 ಮಿಲಿ ನೀರಿಗೆ 11 ಗ್ರಾಂ ಪುಡಿಯಂತೆ ಹಾಕಿ. ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್ ಇರಬೇಕು. ಸಾವಿರ ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು. ನಾಲ್ಕು ನಿಮಿಷದ ಮೇಲೆ ಮೇಲೆದ್ದ ಚರಟವನ್ನು ಚಮಚದಿಂದ ಒಡೆದು ಮೂಸಿ ನೋಡಿ. ನೊರೆ ತೆಗೆದು, ಉಗುರು ಬೆಚ್ಚಗಾಗುವವರೆಗೂ ಆಗಾಗ ಚಮಚದಲ್ಲಿ ಸೊರ್ರನೆ ಹೀರಿ. ಹಾಲು ಸಕ್ಕರೆ ಬೇಡ.

ಹೆಂಡದ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಹಣ್ಣನ್ನು ಪಲ್ಪ್ ಮಾಡಲು ತಡವಾಗಿದೆ, ಇಲ್ಲವೇ ತೊಟ್ಟಿಯಲ್ಲಿ ಹುದುಗು ಹೆಚ್ಚಾಗಿದೆ. ಅರೇಬಿಕಾಕ್ಕೆ ಹವೆಯನ್ನು ಅನುಸರಿಸಿ ಸಾಮಾನ್ಯವಾಗಿ 24ರಿಂದ 36 ಗಂಟೆ ಸಾಕು. ಮಣ್ಣಿನ ವಾಸನೆಗೆ ಕಾರಣ ಮಣ್ಣಿನ ಕಣ. ಹಸಿ ಹುಲ್ಲಿನ ರುಚಿ, ನಾಲಗೆ ಹಿಡಿಯುವ ಒಗರು ಬಂದರೆ ಕಾಯಿ ಕೊಯ್ದಿದ್ದಾರೆ ಎಂದರ್ಥ. ಬೂಷ್ಟಿನ ವಾಸನೆ ಬಂದರೆ ಒಣಗಿದ್ದು ಸಾಲದು, ಅಥವಾ ಹಸಿಯಾಗಿ ರಾಶಿ ಹಾಕಿದ್ದಾರೆ. ಪಾರ್ಚ್‌ಮೆಂಟಿಗೆ ನೂರಕ್ಕೆ 10, ಅರೇಬಿಕಾ ಚೆರಿಗೆ 10.5, ರೊಬಸ್ಟಾ ಚೆರಿಗೆ 11ರಷ್ಟು ತೇವಾಂಶಕ್ಕೆ ಇಳಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಬೂಷ್ಟಿನಿಂದ ಓಕ್ರಟಾಕ್ಸಿನ್ ಎಂಬ ವಿಷಾಂಶ ಹುಟ್ಟುತ್ತದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಯಾದ ಐರೋಪ್ಯ ಒಕ್ಕೂಟ 2023ರಿಂದ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿದೆ. ಆ ವಿಷಾಂಶ ನಾಲಗೆಗೆ ತಿಳಿಯದು. ಅದಕ್ಕೆ ಪ್ರಯೋಗಾಲಯವೇ ಬೇಕು. ಬೂಷ್ಟು ಹಿಡಿದ ಲಾಟು ಯಾವುದೆಂಬ ಸುಳಿವನ್ನು ಮಾತ್ರ ಲೋಟ ಕೊಡಬಲ್ಲದು.

ಒಂದೇ ಹದದ ಪುಡಿ ಏಕೆ ಬೇಕು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಒಂದು ಮಾದರಿ ನುಣ್ಣಗೆ, ಇನ್ನೊಂದು ತರಿಯಾಗಿ ಬಿದ್ದರೆ, ಮೊದಲನೆಯದು ಕಹಿ, ಎರಡನೆಯದು ಹುಳಿ ಎನಿಸುತ್ತದೆ. ಆಗ ಬೀಸಿದ ದೋಷವನ್ನು ತೊಟ್ಟಿಯ ಮೇಲೋ ಕಣದ ಮೇಲೋ ಹೊರಿಸಿ, ಸರಿಯಿದ್ದುದನ್ನು ಕೆಡಿಸಿಕೊಳ್ಳುವ ಸಂಭವವಿದೆ.

ಪ್ರತಿ ಮನೆಗೊಂದು ದುಬಾರಿ ಯಂತ್ರ ಬೇಕೆಂದು ನಾವು ಹೇಳುವುದಿಲ್ಲ. ಅಕ್ಕಪಕ್ಕದ ಐದಾರು ಮನೆಯವರು ಸೇರಿ ಒಂದು ಒಳ್ಳೆಯ ಉಕ್ಕಿನ ಹಲ್ಲಿನ ಕೈಯಂತ್ರ ಕೊಂಡರೆ ಮನೆಗೆ ಬೀಳುವ ಖರ್ಚು ಅಲ್ಪ. ಸಂಘದ ಕಚೇರಿಯಲ್ಲೇ ಒಂದನ್ನು ಇಟ್ಟು, ಕೊಯ್ಲಿನ ಕಾಲದಲ್ಲಿ ವಾರಕ್ಕೊಂದು ದಿನ ಸದಸ್ಯರು ತಂದ ಮಾದರಿಗಳನ್ನು ಎಲ್ಲರೂ ಕೂಡಿ ನೋಡಬಹುದೇ ಎಂಬುದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಲು ಅಪೇಕ್ಷಿಸುತ್ತೇವೆ. ಕಾಫಿ ಮಂಡಳಿಯೂ ಹುರಿಯುವ, ಕಾಫಿ ತಯಾರಿಸುವ ಬಗ್ಗೆ ಕಾಪಿ ಶಾಸ್ತ್ರ ಎಂಬ ತರಬೇತಿ ನಡೆಸುತ್ತದೆ. ನಮ್ಮ ಮನೆಗಳ ಯುವಕ ಯುವತಿಯರು ಅದರ ಪ್ರಯೋಜನ ಪಡೆಯುವುದು ಒಳ್ಳೆಯದು.

ಅದಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಅರೇಬಿಕಾ ಕೊಯ್ಲು ಆರಂಭವಾದಾಗ ಮೊದಲ ಕೊಯ್ಲು, ಎರಡನೆಯ ಕೊಯ್ಲು, ಉದುರು, ಇವುಗಳಿಂದ ಅರ್ಧರ್ಧ ಕಿಲೋ ಬೇರೆ ಬೇರೆ ತೆಗೆದು, ತೋಟದ ಭಾಗ, ಕೊಯ್ದ ದಿನ, ಒಣಗಿದ ದಿನಗಳನ್ನು ಚೀಟಿಯಲ್ಲಿ ಬರೆದು ಒಳಗಿಟ್ಟು ಕಟ್ಟಿಡಿ. ಚೀಟಿಯಿಲ್ಲದ ಮಾದರಿಯನ್ನು ಎಷ್ಟು ಚೆನ್ನಾಗಿ ಬೀಸಿದರೂ ಅದರಿಂದ ಕಲಿಯುವುದು ಏನೂ ಇರುವುದಿಲ್ಲ.